ಅರಿಸಿನದ ಬಣ್ಣವೂ ಕರುಳಿನ ಕ್ಯಾನ್ಸರೂ

ಅರಿಸಿನದ ಮಾತು ಬಂದರೆ ತಾಳವಾಡಿಯ ರೈತರಿಗೆ ಈರೋಡಿನ ಮಂಡಿ, ಜತ್ತಿನವರಿಗೆ ಸಾಂಗಲಿಯ ಪೇಟೆ ನೆನಪಾಗುವುದು. ಅದರ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬ ವಸ್ತುವು ಕರುಳಿನ ಕ್ಯಾನ್ಸರನ್ನು ಗುಣಪಡಿಸುವುದೆಂಬ ಮಾತು ಈಗ ಹಬ್ಬಿದೆ. ಇದರಲ್ಲಿ ನಿಜವೆಷ್ಟೆಂಬುದನ್ನು ವಾಚಕರ ಮುಂದಿಡಬಯಸುತ್ತೇವೆ.

ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳಿಗೆ ಈ ಬಣ್ಣವನ್ನು ಸೋಕಿಸಿದರೆ ಅವುಗಳ ಬೆಳವಣಿಗೆ ಕುಗ್ಗುವುದು, ಕೆಲವು ಸಾಯುತ್ತವೆ. ಇದು ದಿಟ. ಆದರೆ ತಟ್ಟೆ ಬೇರೆ, ಹೊಟ್ಟೆ ಬೇರೆ. 100 ಗ್ರಾಂ ಅರಿಸಿನ ಪುಡಿಯಲ್ಲಿ ಈ ವಸ್ತುವಿರುವುದು ಸುಮಾರು 3 ಗ್ರಾಂ. ತಿಂದದ್ದರಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ.

ಕರುಳಿನಲ್ಲಿ ಗಂಟುಗಳೆದ್ದು ಮುಂದೆ ಕ್ಯಾನ್ಸರಿಗೆ ತಿರುಗುವ ಒಂದು ವಂಶಪಾರಂಪರ್ಯ ರೋಗವುಂಟು. ಆ ರೋಗವುಳ್ಳ 44 ಮಂದಿಯ ಮೇಲೆ ನಡೆಸಿದ ಪರೀಕ್ಷೆಯ ಫಲ 2018ರಲ್ಲಿ ಪ್ರಕಟವಾಯಿತು. ಕೆಲವರಿಗೆ ದಿನಕ್ಕೆ 3 ಗ್ರಾಂ ಕರ್ಕ್ಯುಮಿನನ್ನೂ ಉಳಿದವರಿಗೆ ಹುಸಿ ಗುಳಿಗೆಯನ್ನೂ ಒಂದು ವರ್ಷ ಕೊಟ್ಟರು. ಗಂಟುಗಳ ಎಣಿಕೆಯಲ್ಲಾಗಲಿ ಗಾತ್ರದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಆದುದರಿಂದ ಅರಿಸಿನ ಅಡಿಗೆಗಿರಲಿ, ಪೇಟೆಗಿರಲಿ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ಮೈ ಇಳಿದರೆ, ಮೂಲವ್ಯಾಧಿಯೆಂದು ಸುಮ್ಮನಿರದೆ ಒಡನೆಯೇ ವೈದ್ಯರಲ್ಲಿಗೆ ಹೋಗಬೇಕು. ಆರಂಭದಲ್ಲೇ ಕಂಡುಹಿಡಿದರೆ ಶಸ್ತ್ರಚಿಕಿತ್ಸೆಯಿಂದ ಈ ರೋಗ ವಾಸಿಯಾಗಬಲ್ಲದು. ಅರಿಸಿನವನ್ನು ನಂಬಿ ಹೊತ್ತು ಕಳೆಯಬಾರದೆಂದು ನಮ್ಮ ವಿನಂತಿ.