ಮಲಪ್ರಭೆಯ ಸೀಮೆಯ ಸಂತೆ, ಗಿರ್ಮಿಟ್ಟಿನ ಪೊಟ್ಟಣ

ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಪಟ್ಟಣಗಳನ್ನು ಪಶ್ಚಿಮದಿಂದ ಪೂರ್ವಕ್ಕೆ ಒಂದೊಂದಾಗಿ ದಾಟುತ್ತ ಹೋದಂತೆ ಮಳೆ ಕಡಿಮೆಯಾಗುತ್ತದೆ, ಭತ್ತದ ಗದ್ದೆಗಳು ಹಿಂದುಳಿಯುತ್ತವೆ, ಎರೆಭೂಮಿಯಲ್ಲಿ ಬಿಳಿಜೋಳ, ಕಡಲೆ, ಹತ್ತಿಯ ಹೊಲಗಳು ಎದುರಾಗುತ್ತವೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಹರಿಯುವುದೂ ಇದೇ ದಿಕ್ಕಿಗೆ. ಈ ಸೀಮೆಯ ಸಂತೆಯನ್ನೂ ಅದರ ಮಗ್ಗುಲಲ್ಲಿ ಕುದಿಯುವ ಎಣ್ಣೆಯ ಬಾಣಲೆಯನ್ನೂ ಅರಿಯಬೇಕಾದರೆ ಮಳೆಯ ಈ ಇಳಿಜಾರನ್ನು ಮೊದಲು ಗಮನಿಸಬೇಕು.

ಸಂತೆ, ಅಂದರೆ ವಾರಕ್ಕೊಮ್ಮೆ ಗೊತ್ತಾದ ದಿನ ಗೊತ್ತಾದ ಬಯಲಿನಲ್ಲಿ ಕೂಡುವ ಮಾರುಕಟ್ಟೆ, ಇಲ್ಲಿ ಹೊಸದಲ್ಲ. ಸುಗಂಧವರ್ತಿ ಎಂಬ ಹಳೆಯ ಹೆಸರಿನ ಸವದತ್ತಿ ರಟ್ಟ ಅರಸರ ರಾಜಧಾನಿಯಾಗಿತ್ತು. ಸಂತೆ, ಅಂಗಡಿ, ಸುಂಕಗಳ ಮಾತು ಆ ಕಾಲದ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಊರೂರಿಗೂ ಸಂತೆಯ ದಿನ ಬೇರೆಯಾಗಿರುವುದರಿಂದ ಬಟ್ಟೆ, ಪಾತ್ರೆ, ಮಸಾಲೆ ಮಾರುವವರು ವಾರವಿಡೀ ಒಂದು ಊರಿನಿಂದ ಇನ್ನೊಂದಕ್ಕೆ ಸುತ್ತುತ್ತಾರೆ. ರೈತ ಕುಟುಂಬದ ಹೆಣ್ಣುಮಕ್ಕಳು ಮಾತ್ರ ತಮ್ಮ ಹೊಲದ ಕಾಯಿಪಲ್ಲೆಯನ್ನು ಬುಟ್ಟಿಯಲ್ಲಿ ಹೊತ್ತು ಹತ್ತಿರದ ಸಂತೆಗಷ್ಟೇ ಬರುತ್ತಾರೆ. ಅವರ ಮುಂದಿನ ಗುಂಪಿಗಳಲ್ಲಿ ಜವಾರಿ ಬದನೆ, ಅಂದರೆ ಮಿಶ್ರತಳಿಯಲ್ಲದ ಸ್ಥಳೀಯ ತಳಿಯ ಬದನೆ ಇರುತ್ತದೆ, ಪುಂಡಿಪಲ್ಲೆಯ ಸಿವುಡು ಇರುತ್ತದೆ, ಬೇಯಿಸದೆ ಹಸಿಯಾಗಿಯೇ ರೊಟ್ಟಿಯೊಡನೆ ತಿನ್ನುವ ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲ ಇರುತ್ತದೆ. ತೂಕ ಕಿಲೋ ಲೆಕ್ಕಕ್ಕೆ ಬಂದು ದಶಕಗಳೇ ಕಳೆದರೂ ಕಾಲು ಕಿಲೋ ಎನ್ನುವ ಬದಲು ‘ಪಾವ ಕಿಲೋ’ ಎಂದು ಕೇಳುವ ರೂಢಿ ಇನ್ನೂ ಹೋಗಿಲ್ಲ.

ಸಂತೆಗೆ ಬಂದವರು ಮನೆಗೆ ಮರಳುವ ಮುನ್ನ ಏನನ್ನಾದರೂ ತಿನ್ನಲೇಬೇಕು, ಅದೂ ಕಡಿಮೆ ಕಾಸಿಗೆ, ನಿಂತಲ್ಲಿಯೇ. ಈ ಭಾಗದ ಬೀದಿ ತಿನಿಸು ಬೆಳೆದಿರುವುದು ಬಹುಮಟ್ಟಿಗೆ ಈ ಅಗತ್ಯದಿಂದ. ಅದರಲ್ಲಿ ಗಿರ್ಮಿಟ್ಟಿಗೆ ಮೊದಲ ಸ್ಥಾನ ಕೊಡಬೇಕು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಸಿನವನ್ನು ಎಣ್ಣೆಯಲ್ಲಿ ಬಾಡಿಸಿ, ಹುಣಸೆರಸ ಮತ್ತು ಬೆಲ್ಲ ಹಾಕಿ ಕುದಿಸಿದ ಮಸಾಲೆಯನ್ನು ಚುರುಮುರಿಗೆ ಕಲಸಿ, ಮೇಲೆ ಪುಠಾಣಿ ಹಿಟ್ಟು, ಹೆಚ್ಚಿದ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ ಉದುರಿಸಿ ಕಾಗದದಲ್ಲಿ ಕೊಡುವ ಈ ತಿನಿಸಿನಲ್ಲಿ ಎರಡು ಸೀಮೆಗಳು ಕೂಡುತ್ತವೆ: ಚುರುಮುರಿ ಮಳೆ ಬೀಳುವ ನೆಲದ ಭತ್ತದಿಂದ ಬಂದದ್ದು, ಪುಠಾಣಿ ಎರೆಹೊಲದ ಕಡಲೆಯಿಂದ ಆದದ್ದು. ಕಲಸಿದ ಕೂಡಲೇ ತಿನ್ನಬೇಕು, ತಡವಾದರೆ ಚುರುಮುರಿ ಮೆತ್ತಗಾಗಿ ರುಚಿ ಕೆಡುತ್ತದೆ. ಇದನ್ನು ಮನೆಗೆ ಕಟ್ಟಿಸಿಕೊಂಡು ಹೋಗುವವರು ಗಿರ್ಮಿಟ್ಟನ್ನು ಅರಿತವರಲ್ಲ ಎಂದೇ ಹೇಳಬೇಕಾಗುತ್ತದೆ. ಇದರ ಜೊತೆಗಾರ ಮಿರ್ಚಿ ಭಜಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಉದ್ದನೆಯ ಮೆಣಸಿನಕಾಯಿ. ಇಂದು ಊರಿನ ಸ್ವಂತ ರುಚಿ ಎನಿಸಿರುವ ಮೆಣಸಿನಕಾಯಿ ಮತ್ತು ಶೇಂಗಾ ಎರಡೂ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು ಗೋವೆಯಲ್ಲಿ ನೆಲೆಯೂರುವ ಮುಂಚೆ, ಎಂದರೆ 1510ಕ್ಕೂ ಹಿಂದೆ, ಈ ಸಂತೆಗಳಲ್ಲಿ ಖಾರಕ್ಕೆ ಕರಿಮೆಣಸು, ಶುಂಠಿಗಳೇ ಆಧಾರವಾಗಿದ್ದಿರಬೇಕು.

ಸವದತ್ತಿಯ ಯಲ್ಲಮ್ಮನ ಗುಡ್ಡದ ಪೇಟೆಗೆ ಲೆಕ್ಕವೇ ಬೇರೆ. ಅಲ್ಲಿ ವಾರದ ಬದಲು ಹುಣ್ಣಿಮೆಯ ಲೆಕ್ಕ ನಡೆಯುತ್ತದೆ; ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಜನ ಕಿಕ್ಕಿರಿದು ಸೇರುತ್ತಾರೆ. ಇಷ್ಟು ಜನ ಕೂಡಿದಲ್ಲಿ ಖಾನಾವಳಿಗಳೇ ಸಾಲುಗಟ್ಟಬೇಕಿತ್ತು, ಆದರೆ ಅನೇಕ ಭಕ್ತರು ರೊಟ್ಟಿಯ ಬುತ್ತಿ ತಂದಿರುತ್ತಾರೆ, ಗುಡ್ಡದಲ್ಲಿಯೇ ಮೂರು ಕಲ್ಲು ಹೂಡಿ ಹೋಳಿಗೆ, ಕಡಬು, ವಡೆ ಮಾಡಿ ದೇವಿಗೆ ಎಡೆ ಒಪ್ಪಿಸಿ, ಪಡ್ಡಲಗಿ ತುಂಬಿಸಿ, ಅಂದರೆ ದೇವಿಯ ಹೆಸರಿನ ಬುಟ್ಟಿಗೆ ಆ ಅಡುಗೆಯನ್ನು ಬಡಿಸಿ, ಆಮೇಲೆ ತಾವು ಉಣ್ಣುತ್ತಾರೆ. ಹೀಗಾಗಿ ಅಲ್ಲಿಯ ಅಂಗಡಿಗಳಲ್ಲಿ ಎದ್ದು ಕಾಣುವುದು ಭಂಡಾರ, ಕುಂಕುಮ, ಹಸಿರು ಬಳೆ, ತೆಂಗಿನಕಾಯಿ; ತಿನಿಸೆಂದರೆ ಮನೆಗೆ ಒಯ್ಯುವ ಚುರುಮುರಿ ಮತ್ತು ಬೆಂಡು-ಬೆತ್ತಾಸು. ಹಿಟ್ಟಿನ ತುಂಡಿಗೆ ಸಕ್ಕರೆ ಪಾಕ ಹಿಡಿಸಿದ್ದು ಬೆಂಡು, ಬರಿಯ ಪಾಕವನ್ನು ಉಬ್ಬಿಸಿ ಬಿಲ್ಲೆ ಮಾಡಿದ್ದು ಬೆತ್ತಾಸು.

1948ರವರೆಗೆ ಸಂಸ್ಥಾನದ ರಾಜಧಾನಿಯಾಗಿದ್ದ, ನೇಕಾರರ ಊರಾದ ರಾಮದುರ್ಗದ ಕಡೆಗೆ ಬರುವಷ್ಟರಲ್ಲಿ ಊಟ ಪೂರ್ತಿ ಜೋಳದ್ದಾಗಿರುತ್ತದೆ. ತಿಂಗಳುಗಟ್ಟಲೆ ಕೆಡದಂತೆ ಒಣಗಿಸಿದ ಖಡಕ್ ರೊಟ್ಟಿ, ಅದಕ್ಕೆ ಶೇಂಗಾ, ಗುರೆಳ್ಳು, ಅಗಸಿಯ ಚಟ್ನಿಪುಡಿಗಳು ಮಾರಾಟದ ಸರಕಾಗಿವೆ. ಚಳಿಗಾಲದಲ್ಲಿ, ಜೋಳ ಹಾಲುಗಾಳಾಗಿರುವ ಕೆಲವೇ ವಾರ, ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ತೆಗೆದ ಸೀತನಿ ಸಿಗುತ್ತದೆ. ಅದೇ ಕಾಲಕ್ಕೆ ಬಾರಿಹಣ್ಣೂ ಬರುತ್ತದೆ; ರಾಮನಿಗೆ ಶಬರಿ ಹಣ್ಣು ಕೊಟ್ಟಳೆಂದು ಜನ ನಂಬುವ ಶಬರಿಕೊಳ್ಳ ಇದೇ ತಾಲ್ಲೂಕಿನ ಸುರೇಬಾನದ ಬಳಿ ಇರುವುದರಿಂದ ಆ ಹಣ್ಣಿಗೆ ಇಲ್ಲಿ ಒಂದು ತೂಕ ಹೆಚ್ಚು.

ಸಂತೆಯಲ್ಲಿ, ಬೀದಿಯಲ್ಲಿ ಮಾರುವವರಿಗೆ ಸರಿಯಾದ ತಾಣ ಒದಗಿಸುವುದು ಆಗದ ಮಾತೇನಲ್ಲ. ಸಿಂಗಪುರವು 1970ರ ದಶಕದಲ್ಲಿ ಬೀದಿಯ ಅಡುಗೆಯವರನ್ನು ನೀರು, ಚರಂಡಿ, ಸೂರು ಇರುವ ಕಟ್ಟೆಗಳಿಗೆ ಕರೆತಂದಿತು. 2020ರಲ್ಲಿ ಆ ಆಹಾರ ಪರಂಪರೆ ಯುನೆಸ್ಕೊದ ಪಟ್ಟಿಯನ್ನೂ ಸೇರಿತು. ಭಾರತದಲ್ಲಿ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ. ಬೀದಿ ವ್ಯಾಪಾರವನ್ನು ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಿರಬೇಕು ಎಂದು ಅದು ಹೇಳುತ್ತದೆ. ಐವತ್ತು ವರ್ಷ ಮೀರಿದ ಸಹಜ ಮಾರುಕಟ್ಟೆಗಳನ್ನು, ಅಂದರೆ ಮಾರುವವರೂ ಕೊಳ್ಳುವವರೂ ರೂಢಿಯಿಂದ ಕೂಡುವ ತಾಣಗಳನ್ನು, ಪಾರಂಪರಿಕವೆಂದು ಘೋಷಿಸಲೂ ಅದರಲ್ಲಿ ಅವಕಾಶವಿದೆ. ಈ ನಾಲ್ಕೂ ಊರುಗಳ ಆಡಳಿತಗಳು ತಮ್ಮ ಸಂತೆಗಳಿಗೆ ಆ ಮನ್ನಣೆ ದೊರಕಿಸಲು ಮುಂದಾಗಲಿ, ಅದಕ್ಕೂ ಮೊದಲು ಬಿಸಿಲಿನಲ್ಲಿ ಕೂಡುವ ಹೆಣ್ಣುಮಕ್ಕಳಿಗೆ ನೆರಳು, ಕುಡಿಯುವ ನೀರು, ಶೌಚಾಲಯ ಒದಗಿಸಲಿ.