ಸಮುದ್ರ ನೀರಿನ ಅಕ್ವೇರಿಯಂನಲ್ಲಿ ತಳದ ಮರಳಿನ ಬದಲಾವಣೆ: ಸಾರ್ವಜನಿಕರಿಗೆ ಮಾಹಿತಿ

ಸಮುದ್ರ ನೀರಿನ ಅಲಂಕಾರಿಕ ಮೀನುಗಳ ತೊಟ್ಟಿಯು ಸಿಹಿನೀರಿನ ತೊಟ್ಟಿಗಿಂತ ಹೆಚ್ಚಿನ ಎಚ್ಚರಿಕೆಯನ್ನು ಬಯಸುತ್ತದೆ. ಹಲವು ವರ್ಷಗಳಿಂದ ಚಾಲ್ತಿಯಲ್ಲಿರುವ ತೊಟ್ಟಿಯ ತಳದ ಮರಳನ್ನು ಒಂದೇ ದಿನ ಪೂರ್ಣವಾಗಿ ತೆಗೆದಲ್ಲಿ, ಕೆಲವೇ ದಿನಗಳಲ್ಲಿ ಮೀನುಗಳು ಸಾಯುವ ಸಂಭವವಿರುತ್ತದೆ.

ಮೀನುಗಳ ವಿಸರ್ಜನೆ ಮತ್ತು ಉಳಿದ ಆಹಾರದಿಂದ ಅಮೋನಿಯಾ ಉಂಟಾಗುತ್ತದೆ. ಮರಳಿನ ಕಣಗಳು ಹಾಗೂ ಕಲ್ಲುಗಳ ಮೇಲೆ ನೆಲೆಸಿರುವ ಬ್ಯಾಕ್ಟೀರಿಯಾಗಳು ಇದನ್ನು ನೈಟ್ರೈಟ್ ಆಗಿ, ಅನಂತರ ಕಡಿಮೆ ಅಪಾಯಕಾರಿಯಾದ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಮರಳಿನೊಂದಿಗೆ ಈ ಬ್ಯಾಕ್ಟೀರಿಯಾಗಳೂ ಹೊರಹೋಗುತ್ತವೆ. ಸಮುದ್ರ ನೀರಿನ ಪಿಎಚ್ 8.1ರಿಂದ 8.4ರಷ್ಟಿರುವುದರಿಂದ, ಅಲ್ಪ ಪ್ರಮಾಣದ ಅಮೋನಿಯಾ ಸಹ ಸಿಹಿನೀರಿಗಿಂತ ಇಲ್ಲಿ ಹೆಚ್ಚು ವಿಷಕಾರಿ. ಇದಲ್ಲದೆ, ದಪ್ಪನಾದ ಹಳೆಯ ಮರಳಿನ ಕೆಳಪದರದಲ್ಲಿ ಆಮ್ಲಜನಕವಿಲ್ಲದೆ ಹೈಡ್ರೋಜನ್ ಸಲ್ಫೈಡ್ ಶೇಖರವಾಗಿರಬಹುದು. ಕಪ್ಪುಬಣ್ಣ ಮತ್ತು ಕೊಳೆತ ಮೊಟ್ಟೆಯ ವಾಸನೆ ಇದರ ಸೂಚನೆ. ಇಂತಹ ಮರಳನ್ನು ಮೀನುಗಳಿರುವಾಗ ಕದಡಬಾರದು. ಅವುಗಳನ್ನು ಮೊದಲು ಅದೇ ನೀರು, ಏರೇಟರ್ ಮತ್ತು ಹೀಟರ್ ಇರುವ ಬೇರೊಂದು ಪಾತ್ರೆಗೆ ವರ್ಗಾಯಿಸತಕ್ಕದ್ದು.

ಮರಳಿನ ಮೇಲೆ ಕಂದು ಪಾಚಿ ಕಾಣಿಸಿತೆಂಬ ಕಾರಣಕ್ಕೇ ಬದಲಾವಣೆ ಅಗತ್ಯವಿಲ್ಲ. ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದಲ್ಲಿ, ಅಥವಾ ಕಸ ತುಂಬಿ ನೀರು ಬದಲಿಸಿದರೂ ನೈಟ್ರೇಟ್ ಇಳಿಯದಿದ್ದಲ್ಲಿ ಮಾತ್ರ ಯೋಚಿಸುವುದು ಸೂಕ್ತ.

ಸಾಮಾನ್ಯ ತೊಟ್ಟಿಗಳಲ್ಲಿ ಒಮ್ಮೆಗೆ ಕಾಲು ಭಾಗದಂತೆ, ಎರಡರಿಂದ ಮೂರು ವಾರಗಳ ಅಂತರದಲ್ಲಿ ಬದಲಿಸುವುದು ಸುರಕ್ಷಿತ. ಉದಾಹರಣೆಗೆ, 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ 4 ಸೆಂ.ಮೀ. ದಪ್ಪಕ್ಕೆ ಸುಮಾರು 21.6 ಲೀಟರ್ ಮರಳು ಬೇಕಾಗುತ್ತದೆ. ಇದನ್ನು 30 ಸೆಂ.ಮೀ.ಗಳ ನಾಲ್ಕು ಪಟ್ಟಿಗಳಾಗಿ ವಿಂಗಡಿಸಿಕೊಳ್ಳಬಹುದು. ಮರಳನ್ನು ಕೈಯಿಂದ ಬಾಚದೆ, ಅಗಲವಾದ ಸೈಫನ್ ಕೊಳವೆಯಿಂದ ನೀರಿನೊಂದಿಗೇ ಹೊರತೆಗೆಯಬೇಕು. ಕದಡಿದ ಕೊಳೆ ತೊಟ್ಟಿಯಲ್ಲಿ ಉಳಿಯುವುದಿಲ್ಲ. ಹೊರಹೋಗುವ ನೀರಿಗೆ ಬದಲಾಗಿ ಅದೇ ಲವಣಾಂಶ ಮತ್ತು ಉಷ್ಣತೆಯ ನೀರನ್ನು ಹಿಂದಿನ ದಿನವೇ ಸಿದ್ಧಪಡಿಸಿರತಕ್ಕದ್ದು. ಕಲ್ಲುಗಳು ಮರಳಿನ ಮೇಲೆಯೇ ನಿಂತಿದ್ದಲ್ಲಿ ಅವು ಜಾರಿ ಗಾಜು ಒಡೆಯಬಹುದು. ನೀರಿನ ಮಟ್ಟ ಇಳಿಯುವ ಮೊದಲು ಹೀಟರ್‌ನ ವಿದ್ಯುತ್ ಸಂಪರ್ಕ ತೆಗೆಯಬೇಕು.

ಹೊಸ ಮರಳನ್ನು ನೀರು ತಿಳಿಯಾಗುವವರೆಗೆ ತೊಳೆದು, ಪಂಪನ್ನು ನಿಲ್ಲಿಸಿ, ಪಿವಿಸಿ ಕೊಳವೆಯ ಮೂಲಕ ತಳಕ್ಕೆ ಇಳಿಸುವುದು. ಈ ಅವಧಿಯಲ್ಲಿ ಫಿಲ್ಟರನ್ನು ತೊಳೆಯಬಾರದು, ಹೊಸ ಮೀನು ಬಿಡಬಾರದು. ಒಂದು ವಾರ ಪ್ರತಿದಿನ ಅಮೋನಿಯಾ ಪರೀಕ್ಷಿಸಿ, ಅದು ಕಂಡುಬಂದಲ್ಲಿ ಆಹಾರ ಕಡಿಮೆ ಮಾಡಿ ಕಾಲುಭಾಗ ನೀರು ಬದಲಿಸಬೇಕು ಮತ್ತು ಮುಂದಿನ ಪಟ್ಟಿಯನ್ನು ಮುಂದೂಡಬೇಕು.

ಕೈಗವಸು ಕಡ್ಡಾಯವೆಂದು ಭಾವಿಸುವುದು ಒಳಿತು. ಕಲ್ಲುಗಳ ಮೇಲೆ ಬೆಳೆಯುವ ಕೆಲವು ಝೋಆಂಥಿಡ್ ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ತೀವ್ರ ವಿಷವಿರುತ್ತದೆ. ಅಂತಹ ಕಲ್ಲುಗಳನ್ನು ಕುದಿಸಿ ಸ್ವಚ್ಛಗೊಳಿಸಲು ಹೋದಲ್ಲಿ ಆವಿಯಿಂದ ಮನೆಯವರೆಲ್ಲರಿಗೂ ಅಪಾಯವಿದೆ.

ಮರಳಿನ ಆಯ್ಕೆಯಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟ್‌ನಿಂದಾದ ಅರಗೊನೈಟ್ ಮರಳು ಹೆಚ್ಚು ಬಳಕೆಯಲ್ಲಿದೆ. ಸಮುದ್ರ ತೀರದಿಂದ ಮರಳು ತರುವ ಯೋಚನೆ ಬೇಡ. ಅದರಲ್ಲಿ ಮಾಲಿನ್ಯವಿರಬಹುದು, ಅಲ್ಲದೆ ಕರಾವಳಿ ನಿಯಂತ್ರಣ ವಲಯದಲ್ಲಿ ಮರಳು ಗಣಿಗಾರಿಕೆಗೆ ನಿರ್ಬಂಧವಿದೆ. ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಒಂದನೇ ಅನುಸೂಚಿಗೆ 2001ರಲ್ಲಿ ಸೇರ್ಪಡೆಯಾಗಿವೆ. ಆದ್ದರಿಂದ ಮುರುಡೇಶ್ವರ ಸಮೀಪದ ನೇತ್ರಾಣಿ ದ್ವೀಪವಾಗಲಿ, ಬೇರೆಡೆಯಾಗಲಿ ಹವಳದ ತುಂಡುಗಳನ್ನು ಸಂಗ್ರಹಿಸುವುದು ಅಪರಾಧ. ಖರೀದಿಸುವವರು ಸರಕಿನ ಮೂಲವನ್ನು ವಿಚಾರಿಸಿ, ರಸೀದಿಯನ್ನು ಇಟ್ಟುಕೊಳ್ಳತಕ್ಕದ್ದು.

ತೆಗೆದ ಮರಳು ಮತ್ತು ಉಪ್ಪುನೀರನ್ನು ಕೆರೆ, ಬಾವಿ, ಹೊಳೆ ಅಥವಾ ಸಮುದ್ರಕ್ಕೆ ಬಿಡಬಾರದು. ಅದರಲ್ಲಿ ಹೊರನಾಡಿನ ಜೀವಿಗಳು ಬದುಕಿರಬಹುದು. ಮರಳನ್ನು ಪೂರ್ಣವಾಗಿ ಒಣಗಿಸಿ ಘನತ್ಯಾಜ್ಯದೊಂದಿಗೆ ವಿಲೇವಾರಿ ಮಾಡುವುದು. ಹೆಚ್ಚಿನ ಮಾಹಿತಿಗಾಗಿ ಆಸಕ್ತರು ತಮ್ಮ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಛೇರಿಯನ್ನು ಸಂಪರ್ಕಿಸಬಹುದು.