ಕಬ್ಬಿನ ಹಾಲೂ ಗಾಳಿಸಿದ ನೀರೂ

ವೈಶಾಖವೆಂದರೆ ರಾಣೇಬೆನ್ನೂರು ಸೀಮೆಯ ಹೊಲಗಳು ಬಾಯ್ದೆರೆದು ಮಳೆಗಾಗಿ ಕಾಯುವ ಕಾಲ. ಹಲಗೇರಿಯಂಥ ಊರಿನಲ್ಲಿ ನಡುಮಧ್ಯಾಹ್ನ ಬೀದಿಗಳು ಬರಿದಾಗುತ್ತವೆ. ಮನೆಗಳ ಒಳಗೆ ಮಾತ್ರ ವರ್ಷದ ಬೇರಾವ ಕಾಲದಲ್ಲಿಯೂ ಕಾಣದ ಸಡಗರವಿರುತ್ತದೆ. ಶಾಲೆಗಳಿಗೆ ರಜೆ ಬಂದಿರುವುದರಿಂದ ಮಕ್ಕಳು ಮೊಮ್ಮಕ್ಕಳು ಊರಿಗೆ ಬಂದಿರುತ್ತಾರೆ. ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಶಾವಿಗೆ ಒಣಗುತ್ತಿರುತ್ತವೆ. ಬ್ಯಾಡಗಿ ಪೇಟೆಯಿಂದ ತಂದ ಮೆಣಸಿನಕಾಯಿಯ ಘಾಟು ಅಂಗಳವನ್ನೆಲ್ಲ ತುಂಬಿರುತ್ತದೆ. ಧರ್ಮವನ್ನು ನಾವು ಬಸದಿಯಲ್ಲಿ, ಕ್ಷೇತ್ರಯಾತ್ರೆಯಲ್ಲಿ, ದಶಲಕ್ಷಣ ಪರ್ವದ ಉಪವಾಸದಲ್ಲಿ ಕಾಣುತ್ತೇವೆ, ಅದು ಸರಿಯೇ. ಆದರೆ ಶ್ರಾವಕನಿಗೆ ಮನೆಯೇ ಮೊದಲ ಪಾಠಶಾಲೆ, ಬೇಸಗೆ ಆ ಶಾಲೆಯ ಪರೀಕ್ಷಾ ಕಾಲ.

ಇಂಥ ರಜೆಯ ದಿನಗಳಲ್ಲಿಯೇ ಮಕ್ಕಳು ದೊಡ್ಡ ಪ್ರಶ್ನೆಗಳನ್ನು ಕೇಳುವುದು. "ನಮ್ಮ ತೀರ್ಥಂಕರರು ಯಾರಿಗೂ ಏನನ್ನೂ ಕೊಡುವುದಿಲ್ಲ, ಯಾರಿಂದಲೂ ಏನನ್ನೂ ಬಯಸುವುದಿಲ್ಲ ಎನ್ನುತ್ತೀರಿ. ನನ್ನ ಗೆಳತಿಯ ಮನೆಯಲ್ಲಿ ಅನ್ನ ಕೊಟ್ಟ ದೇವರಿಗೆ ಕೈಮುಗಿದು ಉಣ್ಣುತ್ತಾರೆ. ನಾವು ಯಾರಿಗೆ ಕೈಮುಗಿಯಬೇಕು?" ಎಂದು ಮನೆಯ ಹುಡುಗಿಯೊಬ್ಬಳು ಕೇಳಿದಳು. ಈ ಪ್ರಶ್ನೆಯನ್ನು ಗದರಿ ಸುಮ್ಮನಾಗಿಸಬಾರದು. ಜೈನಧರ್ಮದ ತಿರುಳನ್ನೇ ಅದು ಮುಟ್ಟುತ್ತದೆ.

ಜಿನನು ವೀತರಾಗಿ. ಮೆಚ್ಚಿ ವರ ಕೊಡುವವನಲ್ಲ, ಮುನಿದು ಶಪಿಸುವವನಲ್ಲ. ದಿನವೂ ನಾವು ಜಪಿಸುವ ಣಮೋಕಾರ ಮಂತ್ರದಲ್ಲಿ ಅರಹಂತ, ಸಿದ್ಧ, ಆಚಾರ್ಯ, ಉಪಾಧ್ಯಾಯ ಮತ್ತು ಸರ್ವಸಾಧುಗಳಿಗೆ ನಮನವಿದೆ. ಬೇಡಿಕೆಯ ಒಂದು ಪದವೂ ಇಲ್ಲ. ಆದ್ದರಿಂದ ನಮ್ಮಲ್ಲಿ ಶ್ರದ್ಧೆಯೆಂದರೆ ದೇವರೊಡನೆ ಮಾಡಿಕೊಂಡ ಒಪ್ಪಂದವಲ್ಲ. ವಸ್ತುಸ್ವರೂಪವನ್ನು ಇದ್ದಂತೆಯೇ ಕಂಡು ನಂಬುವ ಸಮ್ಯಗ್ದರ್ಶನವದು. ಹಾಗೆ ಕಣ್ಣು ತೆರೆದು ನೋಡಿದಾಗ ಏನು ಕಾಣುತ್ತದೆ? ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಒಂದಕ್ಕೊಂದು ಉಪಕಾರಿಯಾಗಿರುವುದೇ ಜೀವಗಳ ಕಾರ್ಯವೆಂಬುದು ಅವರ ಮತ. ಅಂದಮೇಲೆ ನಮ್ಮ ಕೃತಜ್ಞತೆ ಆಕಾಶದ ಕಡೆಗೆ ಹೋಗಬೇಕಾಗಿಲ್ಲ. ಅದು ಪಕ್ಕದಲ್ಲಿ ಕುಳಿತವರಿಗೆ, ಒಲೆಯ ಮುಂದೆ ಬೆವರುವವರಿಗೆ, ಹೊಲದಲ್ಲಿ ದುಡಿದವರಿಗೆ, ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೈ ಉರಿಸಿಕೊಳ್ಳುವ ಕೂಲಿಯ ತಾಯಂದಿರಿಗೆ ಸಲ್ಲಬೇಕು. ಹುಡುಗಿಗೆ ಕೊಟ್ಟ ಉತ್ತರ ಇಷ್ಟೇ: "ಮೊದಲು ಅಡಿಗೆ ಮಾಡಿದವರಿಗೆ ಕೈಮುಗಿ. ಅಲ್ಲಿಂದ ಮುಂದಿನ ದಾರಿ ನಿನಗೇ ಕಾಣುತ್ತದೆ."

ಈ ಮಾತಿಗೆ ಪುರಾಣದ ಬೆಂಬಲವೂ ಬೇಸಗೆಯಲ್ಲಿಯೇ ಒದಗುತ್ತದೆ. ವೈಶಾಖ ಶುದ್ಧ ತದಿಗೆ, ಅಂದರೆ ಅಕ್ಷಯ ತೃತೀಯೆ, ಆದಿ ತೀರ್ಥಂಕರ ವೃಷಭನಾಥರು ದೀರ್ಘ ಉಪವಾಸದ ಬಳಿಕ ಮೊದಲ ಆಹಾರ ಸ್ವೀಕರಿಸಿದ ದಿನ. ದೀಕ್ಷೆಯಾದ ಮೇಲೆ ಆರು ತಿಂಗಳು ಅವರು ನಿರಾಹಾರ ಧ್ಯಾನದಲ್ಲಿ ನಿಂತರು. ಅನಂತರ ಆಹಾರಕ್ಕಾಗಿ ಊರೂರಿಗೆ ನಡೆದರೂ ತಿಂಗಳುಗಟ್ಟಲೆ ಒಂದು ತುತ್ತೂ ದೊರೆಯಲಿಲ್ಲ. ಜನರು ಲೋಭಿಗಳಾಗಿದ್ದರೆ? ಇಲ್ಲ. ರತ್ನಗಳನ್ನು ತಂದರು, ಆನೆ ಕುದುರೆಗಳನ್ನು ತಂದರು, ವಸ್ತ್ರಾಭರಣಗಳನ್ನು ತಂದರು. ತಮ್ಮ ಮುಂದೆ ನಿಂತವರಿಗೆ ಬೇಕಾದುದು ಏನೆಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಕಡೆಗೆ ಹಸ್ತಿನಾಪುರದಲ್ಲಿ ಸೋಮಪ್ರಭನ ತಮ್ಮ ಶ್ರೇಯಾಂಸನಿಗೆ ಪೂರ್ವಜನ್ಮದಲ್ಲಿ ಮುನಿಗಳಿಗೆ ಆಹಾರವಿತ್ತ ನೆನಪು ಮರುಕಳಿಸಿತು. ಅವನು ಭಗವಂತರ ಕರಪಾತ್ರೆಗೆ ಇಕ್ಷುರಸವನ್ನು ಎರೆದನು. ನಮ್ಮ ಕಡೆ ಕಬ್ಬಿನ ಹಾಲು ಎನ್ನುತ್ತೇವಲ್ಲ, ಅದೇ. ಈ ಯುಗದ ಮೊದಲ ದಾನವೆಂದು ಜೈನ ಪರಂಪರೆ ಅದನ್ನು ಕೊಂಡಾಡುತ್ತದೆ.

ಆದಿಪುರಾಣದಲ್ಲಿ ದಾನಿಗೆ ಇರಬೇಕಾದ ಏಳು ಗುಣಗಳು ಹೇಳಲ್ಪಟ್ಟಿವೆ: ಶ್ರದ್ಧೆ, ಶಕ್ತಿ, ಭಕ್ತಿ, ವಿಜ್ಞಾನ, ಅಲುಬ್ಧತೆ, ಕ್ಷಮೆ, ತ್ಯಾಗ. ವೃಷಭನಾಥರ ಮುಂದೆ ರತ್ನ ಸುರಿದವರಲ್ಲಿ ಭಕ್ತಿಯಿತ್ತು, ಶಕ್ತಿಯಿತ್ತು, ವಿಜ್ಞಾನವಿರಲಿಲ್ಲ. ಏನನ್ನು, ಯಾವಾಗ, ಹೇಗೆ ಕೊಡಬೇಕೆಂಬ ತಿಳಿವಳಿಕೆಯೇ ಇಲ್ಲಿ ವಿಜ್ಞಾನ. ನಮ್ಮ ಇಂದಿನ ಮನೆಗಳನ್ನು ನೋಡಿದರೆ ಆ ಊರುಗಳ ಜನರೇ ನೆನಪಾಗುತ್ತಾರೆ. ರಜೆಗೆ ಬಂದ ಮಗುವಿಗೆ ಮೊಬೈಲ್ ಕೊಡುತ್ತೇವೆ, ಅದಕ್ಕೆ ಬೇಕಾದುದು ನಮ್ಮ ಒಂದು ತಾಸು. ವಯಸ್ಸಾದ ತಾಯಿಯ ಕೋಣೆಗೆ ಹೊಸ ಕೂಲರ್ ತರುತ್ತೇವೆ, ಆಕೆ ಕಾಯುವುದು ಪಕ್ಕದಲ್ಲಿ ಕುಳಿತು ಮಾತಾಡುವವರನ್ನು. ಸೊಸೆಗೆ ಸೀರೆ ತರುತ್ತೇವೆ, ಅವಳಿಗೆ ಅಡಿಗೆಮನೆಯ ಸೆಕೆಯಿಂದ ಒಂದು ಮಧ್ಯಾಹ್ನದ ಬಿಡುವು ಸಾಕಾಗಿತ್ತು. ಕೊಡುವ ಮನಸ್ಸು ಕಡಿಮೆಯಿಲ್ಲ, ಎದುರಿನ ಜೀವದ ಹಸಿವನ್ನು ಗುರುತಿಸುವ ಕಣ್ಣು ಬೇಕಾಗಿದೆ.

ದಾನದ ನೆನಪಿಗೆಂದು ಬಂದ ಹಬ್ಬ ಇಂದು ಬಹುಮಟ್ಟಿಗೆ ಚಿನ್ನ ಕೊಳ್ಳುವ ದಿನವಾಗಿದೆ. ಅಂಗಡಿಗೆ ಹೋಗುವವರನ್ನು ಹಳಿಯಬೇಕಾಗಿಲ್ಲ. ಆದರೆ ಅಂದು ಮನೆಗೆ ಬಂದವರಿಗೆ ಒಂದು ಲೋಟ ಕಬ್ಬಿನ ಹಾಲು ಕೊಟ್ಟು, ಅದರ ಕಥೆಯನ್ನು ಮಕ್ಕಳಿಗೆ ಹೇಳುವುದಕ್ಕೆ ಖರ್ಚೇನೂ ಹೆಚ್ಚಿಲ್ಲ. ನಮ್ಮ ಸೀಮೆಯ ಭಾಗ್ಯವೆಂದರೆ ಅದೇ ತದಿಗೆಯಂದು ಬಸವ ಜಯಂತಿಯೂ ಬರುತ್ತದೆ. ನೆರೆಮನೆಯವರು ಎತ್ತುಗಳ ಮೈತೊಳೆದು ಪೂಜಿಸುತ್ತಾರೆ, ದಾಸೋಹದ ಮಾತಾಡುತ್ತಾರೆ. ಎರಡು ದಾರಿಗಳಿಂದ ಬಂದವರು ಅನ್ನದ ಪಂಕ್ತಿಯಲ್ಲಿ ಕೂಡುವ ದಿನವದು.

ಇನ್ನು ನೀರಿನ ಮಾತು. ನೀರನ್ನು ಗಾಳಿಸದೆ ಬಳಸಬಾರದೆಂಬುದು ಜೈನರ ಮನೆಯ ಹಳೆಯ ಕಟ್ಟಳೆ. ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೀರು ಗಾಳಿಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಗಾಳಿಸಿದ ನೀರಿನಿಂದಲೇ ತೊಳೆದು, ಆ ನೀರು ಬಂದ ಬಾವಿಗೇ ಮೆಲ್ಲಗೆ ಮರಳಿ ಬಿಡುವುದು ಇದರ ಪೂರ್ಣ ವಿಧಿ. ಗಾಳಿಸಿದ ನೀರಿಗೂ ಎರಡು ಘಳಿಗೆಯ, ಅಂದರೆ 48 ನಿಮಿಷಗಳ ಅವಧಿಯಿದೆ. ಚೆನ್ನಾಗಿ ಕಾಯಿಸಿದ ನೀರಿಗೆ 24 ಗಂಟೆ. ಕೊಳವೆಬಾವಿಯ ಕಾಲದಲ್ಲಿ ಮರಳಿ ಬಿಡುವ ವಿಧಿಯನ್ನು ಅಕ್ಷರಶಃ ನಡೆಸುವುದು ಕಷ್ಟ. ಅದರ ಹಿಂದಿನ ಭಾವವನ್ನು ನಡೆಸುವುದಕ್ಕೆ ಅಡ್ಡಿಯಿಲ್ಲ. ಎಲ್ಲಿಂದ ಪಡೆದೆವೋ ಅಲ್ಲಿಗೆ ನಾವು ಬಾಧ್ಯರು ಎಂಬುದೇ ಆ ಭಾವ.

2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷದ ಬೇಸಗೆಯನ್ನು ನಮ್ಮ ಕಡೆಯ ಯಾರೂ ಬೇಗ ಮರೆಯಲಾರರು. ನಮ್ಮ ಓಣಿಯ ಕೊಳವೆಬಾವಿಗಳು ಒಂದೊಂದಾಗಿ ಬತ್ತಿದವು. ಒಂದರಲ್ಲಿ ಮಾತ್ರ ನೀರು ಉಳಿದಿತ್ತು. ಅದರ ಒಡೆಯರು ಬೆಳಗಿನ ಎರಡು ತಾಸು ಇಡೀ ಓಣಿಗೆ ನೀರು ಬಿಟ್ಟರು. "ನಾಳೆ ನಿಮ್ಮದೂ ಬತ್ತಿದರೆ?" ಎಂದು ಯಾರೋ ಕೇಳಿದ್ದಕ್ಕೆ, "ಆಗ ಎಲ್ಲರೂ ಕೂಡಿ ಹುಡುಕೋಣ" ಎಂದರಂತೆ. ಅವರು ಜೈನರಲ್ಲ, ಅಣುವ್ರತದ ಹೆಸರನ್ನೂ ಕೇಳಿದವರಲ್ಲ. ಆದರೆ ಬೇಕಾದುದಕ್ಕಿಂತ ಹೆಚ್ಚನ್ನು ತನ್ನದೆಂದು ಹಿಡಿದಿಟ್ಟುಕೊಳ್ಳಬಾರದೆಂಬ ಪರಿಗ್ರಹ ಪರಿಮಾಣ ವ್ರತವನ್ನು ಆ ಬೇಸಗೆಯಲ್ಲಿ ಓಣಿಗೆ ಕಲಿಸಿದವರು ಅವರೇ. ಅಂದು ಕೊಡದಲ್ಲಿ ಹಿಡಿದು ತಂದ ನೀರನ್ನು ಮನೆಯ ಮಕ್ಕಳು ಒಂದು ತೊಟ್ಟೂ ಚೆಲ್ಲಲಿಲ್ಲ. ಹತ್ತು ಉಪದೇಶಗಳಿಂದ ಆಗದ ಕೆಲಸ ಒಬ್ಬರ ಔದಾರ್ಯದಿಂದ ಆಯಿತು.

ಹೊತ್ತು ಮುಳುಗುವ ಮುನ್ನ ಉಣ್ಣುವ ನಿಯಮವೂ ಹೀಗೆಯೇ. ದೀಪಕ್ಕೆ ಮುತ್ತುವ ಹುಳುಗಳ ಹಿಂಸೆ ತಪ್ಪಲೆಂದು ಬಂದ ಸಂಯಮವದು. ನಗರದಿಂದ ಬಂದ ಮಕ್ಕಳಿಗೆ ರಾತ್ರಿ ಹತ್ತರ ಊಟದ ರೂಢಿ, ಮೊದಲೆರಡು ದಿನ ಗೊಣಗುತ್ತಾರೆ. ಆದರೆ ಬೇಸಗೆಯ ಹಗಲು ದೀರ್ಘ. ಆರು ಗಂಟೆಗೆ ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತರೆ ಬೆಳಕಿರುವಾಗಲೇ ಊಟ ಮುಗಿಯುತ್ತದೆ, ಅಡಿಗೆಮನೆಗೂ ವಿಶ್ರಾಂತಿ ಸಿಗುತ್ತದೆ. ಅನಂತರದ ಸಂಜೆ ಕಥೆಗೆ, ಸ್ವಾಧ್ಯಾಯಕ್ಕೆ ಉಳಿಯುತ್ತದೆ. ಸಂಯಮವು ಕಳೆಯುತ್ತದೆಂದು ಭಾವಿಸಿದ್ದ ಸಮಯವನ್ನು ತಾನೇ ನಮಗೆ ಹಿಂದಿರುಗಿಸುತ್ತದೆ.

ಆ ಸಂಜೆಗಳಲ್ಲಿ ಹೇಳಬೇಕಾದ ಕಥೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ವೃಷಭನಾಥರ ಚರಿತೆಯನ್ನು ಸಂಸ್ಕೃತದಲ್ಲಿ ಬರೆಯತೊಡಗಿದ ಜಿನಸೇನಾಚಾರ್ಯರು ಅದು ಮುಗಿಯುವ ಮೊದಲೇ ತೀರಿಕೊಂಡರು. ಉಳಿದುದನ್ನು ಅವರ ಶಿಷ್ಯ ಗುಣಭದ್ರಾಚಾರ್ಯರು ಪೂರೈಸಿ, ಮುಂದಿನ ತೀರ್ಥಂಕರರ ಕಥೆಗಳನ್ನು ಉತ್ತರಪುರಾಣವಾಗಿ ರಚಿಸಿದರು. ಲೋಕಾದಿತ್ಯನು ಬಂಕಾಪುರದಲ್ಲಿ ಆಳುತ್ತಿದ್ದಾಗ, ಶಕ 820ರಲ್ಲಿ, ಅಂದರೆ ಕ್ರಿ.ಶ. 898ರಲ್ಲಿ, ಆ ಗ್ರಂಥಕ್ಕೆ ಅಲ್ಲಿ ಪೂಜೆ ಸಂದಿತೆಂದು ಅದರ ಪ್ರಶಸ್ತಿ ಭಾಗ ತಿಳಿಸುತ್ತದೆ. ಇಂದು ನವಿಲುಧಾಮವಾಗಿರುವ ಬಂಕಾಪುರದ ಕೋಟೆಗೆ ಮಕ್ಕಳನ್ನು ಕರೆದೊಯ್ದಾಗ ನವಿಲುಗಳ ಜೊತೆಗೆ ಇದನ್ನೂ ತೋರಿಸಿಕೊಡಬೇಕು. ಗುರುವಿಗೆ ಶಿಷ್ಯ ಸಲ್ಲಿಸಿದ ಕೃತಜ್ಞತೆ ಬಾಯಿಮಾತಿನದಲ್ಲ, ಅರ್ಧಕ್ಕೆ ನಿಂತ ಕೆಲಸವನ್ನು ಹೆಗಲಿಗೆ ಹೊತ್ತುದು. ಮನೆಯ ಹಿರಿಯರಿಗೂ ನಾವು ಸಲ್ಲಿಸಬಹುದಾದ ನಿಜವಾದ ವಂದನೆ ಅದೇ: ಅವರು ನೆಟ್ಟು ಹೋದ ಬೇವಿಗೆ ನೀರೆರೆಯುವುದು, ಅವರು ನಡೆಸಿಕೊಂಡು ಬಂದ ದಾನವನ್ನು ನಿಲ್ಲಿಸದಿರುವುದು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಿಗೂ ಬೇಸಗೆಯ ಮನೆಯಲ್ಲಿ ಎಡೆಯಿದೆ. ಬಾಗಿಲಿಗೆ ಬಂದ ಅಂಚೆಯವನಿಗೆ, ಹಾಲಿನವನಿಗೆ ಒಂದು ಲೋಟ ಮಜ್ಜಿಗೆ ಆಹಾರದಾನ. ಬಿಸಿಲಿಗೆ ಬಳಲಿದವರಿಗೆ ನೆರಳು, ಆರೈಕೆ ಔಷಧದಾನ. ರಜೆಯಲ್ಲಿ ನೆರೆಯ ಮಗುವಿಗೆ ನಾಲ್ಕಕ್ಷರ ಕಲಿಸುವುದು ಶಾಸ್ತ್ರದಾನ. ಮಾಳಿಗೆಯ ನೆರಳಿನಲ್ಲಿ ಹಕ್ಕಿಗಳಿಗೆಂದು ಮಣ್ಣಿನ ಪರಿಯಾಣವಿಟ್ಟು, ಸೊಳ್ಳೆಯಾಗದಂತೆ ದಿನವೂ ತಿಕ್ಕಿ ತೊಳೆದು ಹೊಸ ನೀರು ತುಂಬುವುದು ಅಭಯದಾನ. ಇವುಗಳಲ್ಲಿ ಒಂದನ್ನು ಮನೆಯ ಕಿರಿಯರ ಕೈಯಿಂದಲೇ ಮಾಡಿಸೋಣ. ಪಡೆದುದನ್ನು ಅರಿತವನೇ ಕೊಡಬಲ್ಲನು. ಕೊಡುತ್ತ ಕೊಡುತ್ತ ಅವನ ಶ್ರದ್ಧೆ ಗಟ್ಟಿಯಾಗುತ್ತದೆ.